ದೊಡ್ಡಮ್ಮನ ಮುಖಕ್ಕೆ ಹಾಕಿದ ಬಿರಡೆ

ಐರ್ಲೆಂಡಿನವನ ಮುಖವನ್ನು ಕೋತಿಯ ಮುಖ ಮಾಡುವುದು ಹೇಗೆಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಮೂಗಿಗೂ ಬಾಯಿಗೂ ನಡುವೆ ಒಂದು ಹೆಬ್ಬೆರಳು ಇಡುವಷ್ಟು ಜಾಗ ಬಿಡಬೇಕು. ದವಡೆ ಮುಂದಕ್ಕೆ, ಹಣೆ ಹಿಂದಕ್ಕೆ. ಕಣ್ಣು ಸಣ್ಣದು. ಕೆನ್ನೆಯ ಮೇಲೆ ಅಡ್ಡಾದಿಡ್ಡಿ ಗೀರು ಎಳೆದರೆ ನಾಲ್ಕು ದಿನದ ಗಡ್ಡ. ಲಂಡನ್ನಿನ ಒಂದು ನಗೆ ವಾರಪತ್ರಿಕೆಗಾಗಿ ಹನ್ನೊಂದು ವರ್ಷ ಅಂಥ ಮುಖಗಳನ್ನು ನಾನು ಮರದಲ್ಲಿ ಕೊರೆದಿದ್ದೇನೆ. ನಾನೂ ಐರ್ಲೆಂಡಿನವನೇ, ಮೇಯೊ ಸೀಮೆಯವನು. ಹೆಸರು ಫೆಸ್ಟಿ ಲವೆಲ್.

ನಮ್ಮ ಕೆಲಸ ಹೀಗೆ. ಚಿತ್ರಕಾರರು ಬಾಕ್ಸ್ ಎಂಬ ಗಟ್ಟಿ ಮರದ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬರೆದು ಕಳಿಸುತ್ತಾರೆ. ಪತ್ರಿಕೆಯ ಇಡೀ ಪುಟದಷ್ಟು ಅಗಲವಾಗಿ ಆ ಮರ ಎಲ್ಲೂ ಬೆಳೆಯುವುದಿಲ್ಲ. ಹಾಗಾಗಿ ಆರೋ ಎಂಟೋ ತುಂಡುಗಳನ್ನು ಹಿಂದಿನಿಂದ ಬೋಲ್ಟು ಹಾಕಿ ಒಂದು ಹಲಗೆ ಮಾಡಿರುತ್ತಾರೆ. ಅದು ನಮ್ಮ ಕೊಠಡಿಗೆ ಬಂದ ಕೂಡಲೇ ಮೇಲ್ವಿಚಾರಕ ಸ್ನೆಲ್ ಬೋಲ್ಟು ಬಿಚ್ಚಿ, ಒಬ್ಬನಿಗೆ ಆಕಾಶ, ಒಬ್ಬನಿಗೆ ಬೂಟು, ಒಬ್ಬನಿಗೆ ನಾಯಿ ಎಂದು ಹಂಚುತ್ತಾನೆ. ಎಲ್ಲರೂ ಕೊರೆದು ಮುಗಿಸಿದ ಮೇಲೆ ಮತ್ತೆ ಬಿಗಿದು ಅಚ್ಚಿಗೆ ಕಳಿಸುವುದು. ಐರ್ಲೆಂಡಿನವರ ಮುಖ ಬಂದರೆ ಅದು ನನಗೆ.

"ನಿಮ್ಮವರು ತಾನೇ, ನಿನಗೇ ಚೆನ್ನಾಗಿ ಗೊತ್ತಿರುತ್ತೆ" ಅನ್ನುತ್ತಿದ್ದ ಸ್ನೆಲ್. ಕುಹಕವೇನಿರಲಿಲ್ಲ. ಕುದುರೆ ಸಾಕಿದವನಿಗೆ ಕುದುರೆ ಕೊಡುವ ಲೆಕ್ಕದಲ್ಲಿ ಕೊಡುತ್ತಿದ್ದ.

ಮೊದಲ ವರ್ಷ ಪಕ್ಕದಲ್ಲಿ ಕೂರುವ ನೋಕ್ಸ್ ಎಂಬವನ ಮೂಗಿಗೆ ಗುದ್ದಿದ್ದೆ. ನಾನು ಕೊರೆದ ಮುಖ ಹಿಡಿದುಕೊಂಡು ನನ್ನ ಮುಖದ ಪಕ್ಕ ಇಟ್ಟು ನೋಡಿದ್ದ. ಅವನು ರಕ್ತ ಒರೆಸಿಕೊಂಡು, "ನೋಡ್ರಪ್ಪ, ಥೇಟ್ ಚಿತ್ರದಲ್ಲಿರೋ ಹಾಗೇ" ಅಂದ. ಇಡೀ ಸಾಲು ನಕ್ಕಿತು. ಅವತ್ತು ನನಗೆ ಅರ್ಥವಾಯಿತು, ನಾನು ಗುದ್ದಿದಷ್ಟೂ ಆ ಚಿತ್ರ ನಿಜವಾಗುತ್ತದೆ. ಕೈ ಮಡಚಿಕೊಂಡೆ. ಆಮೇಲೆ ಇದೇ ನೋಕ್ಸ್ ನನಗೆ ಜ್ವರ ಬಂದಾಗ ಮೂರು ವಾರ ನನ್ನ ತುಂಡುಗಳನ್ನೂ ಕೊರೆದು ಕೊಟ್ಟ. ನನ್ನ ಹೆಂಡತಿ ಹೆಟ್ಟಿಯ ಪ್ರತಿ ಬಾಣಂತನಕ್ಕೂ ಅವನ ಹೆಂಡತಿ ಬಂದು ಹಾಸಿಗೆ ಒಗೆದಳು. ಐರ್ಲೆಂಡಿನವರೆಲ್ಲ ಅವನ ಬಾಯಲ್ಲಿ ಪ್ಯಾಡಿಯೇ. "ನೀನು ಬಿಡಪ್ಪ ಪ್ಯಾಡಿ, ನೀನು ನಮ್ಮವನು. ಚಿತ್ರದಲ್ಲಿ ಇರೋದು ಅವರು" ಅನ್ನುತ್ತಿದ್ದ. ಯಾರು ಅವರು ಎಂದು ಕೇಳಿದರೆ, "ಅದೇ, ಅಲ್ಲಿರೋರು" ಎಂದು ಉಳಿಯಿಂದ ಗೋಡೆಯ ಕಡೆ ತೋರಿಸುತ್ತಿದ್ದ.

ಅಲ್ಲಿರುವವರಲ್ಲಿ ಒಬ್ಬಳು ನನ್ನ ದೊಡ್ಡಮ್ಮ ಸಬೀನಾ. ಆಲೂಗಡ್ಡೆ ಬೆಳೆಯೆಲ್ಲ ಕೊಳೆತು ಕ್ಷಾಮ ಬಿದ್ದ ವರ್ಷ ನನ್ನ ಅಪ್ಪ ಅಮ್ಮ ಇಬ್ಬರೂ ಹೋದರು. ನನಗಾಗ ಹತ್ತು ವರ್ಷ. ಅಮ್ಮನ ಅಕ್ಕ ನನ್ನನ್ನು ಬೆನ್ನ ಮೇಲೆ ಹೊತ್ತು ಗಂಜಿ ಕೊಡುವ ಜಾಗಕ್ಕೆ ಏಳು ಮೈಲಿ ನಡೆದಳು. ಬದುಕಿಸಿದಳು, ಊರ ಶಾಲೆಗೆ ಕಳಿಸಿದಳು, ಆಮೇಲೆ ಡಬ್ಲಿನ್ನಿನ ಅಚ್ಚುಕೂಟಕ್ಕೆ ಸೇರಿಸಿದಳು. ಅಲ್ಲಿಂದ ನಾನು ಲಂಡನ್ನಿಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಅವಳಿಗೆ ಓದು ಬರುವುದಿಲ್ಲ. ನನ್ನ ಕಾಗದಗಳನ್ನು ಊರಿನ ಪಾದ್ರಿ ಫಾದರ್ ಕಾನ್ವೆ ಓದಿ ಹೇಳುತ್ತಿದ್ದರು. ಇಗರ್ಜಿಯ ಬಾಗಿಲಲ್ಲಿ, ಎಲ್ಲರೂ ಕೇಳುವ ಹಾಗೆ.

ಎಲ್ಲರೂ ಕೇಳುವ ಹಾಗೆ ಏನು ಬರೆಯಲಿ? ಪ್ರಾರ್ಥನೆ ಪುಸ್ತಕಗಳಿಗೆ ಸಂತರ ಚಿತ್ರ ಕೊರೆಯುತ್ತೇನೆ ಎಂದು ಬರೆದೆ. ಪೂರ್ತಿ ಸುಳ್ಳಲ್ಲ. ಬಂದ ಮೊದಲ ವರ್ಷ ಮೂರು ಸಂತರನ್ನು ಕೊರೆದಿದ್ದೆ. ಆ ಮೂವರನ್ನೇ ಹತ್ತೊಂಬತ್ತು ವರ್ಷ ಓಡಿಸಿದೆ.

ಸಾವಿರದ ಎಂಟುನೂರ ಎಂಬತ್ತೊಂದರ ವಸಂತದಲ್ಲಿ ನಮ್ಮ ಆರನೆಯ ಮಗು ಹುಟ್ಟಿತು. ದೀಕ್ಷಾಸ್ನಾನಕ್ಕೆ ಮಗುವನ್ನು ಎತ್ತಿ ಹಿಡಿಯುವ ಜ್ಞಾನತಾಯಿಯಾಗಿ ನಿಲ್ಲಲು ನಾನೇ ಬರುತ್ತೇನೆ ಎಂದು ದೊಡ್ಡಮ್ಮ ಹೇಳಿ ಕಳಿಸಿದಳು. ಬರುವುದಿಲ್ಲ ಎಂದೇ ಎಣಿಸಿದ್ದೆ. ಒಂದು ಬುಧವಾರ ಬೆಳಿಗ್ಗೆ ಯೂಸ್ಟನ್ ನಿಲ್ದಾಣದಲ್ಲಿ ಇಳಿದಳು. ಕಂಕುಳಲ್ಲಿ ಕೋಸಿನ ಎಲೆಯಲ್ಲಿ ಸುತ್ತಿದ ಬೆಣ್ಣೆ, ತಲೆಯ ಮೇಲೆ ಕಂದು ಶಾಲು, ಬಾಯಲ್ಲಿ ಮಣ್ಣಿನ ಚುಟ್ಟಾ ಕೊಳವೆ. ಮೊದಲು ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದಳು.

"ಸಂತರನ್ನ ಮಾಡೋ ಕೈ ಅಂದ್ರೆ ಇನ್ನೂ ನುಣ್ಣಗಿರುತ್ತೆ ಅಂದ್ಕೊಂಡಿದ್ದೆ" ಅಂದಳು. ನಾವು ಮಾತಾಡಿದ್ದೆಲ್ಲ ಐರಿಷ್ ಭಾಷೆಯಲ್ಲೇ. ಅವಳಿಗೆ ಇಂಗ್ಲಿಷ್ ಬರುವುದು ಸಂತೆಗೆ ಬೇಕಾದಷ್ಟು.

ಮರುದಿನವೇ ಹಠ ಹಿಡಿದಳು. ನನ್ನ ಸಂತರನ್ನು ನೋಡಬೇಕು, ನನ್ನ ಯಜಮಾನನಿಗೆ ಬೆಣ್ಣೆ ಕೊಡಬೇಕು.

"ದೊಡ್ಡಮ್ಮ, ಅಲ್ಲಿ ಬರೀ ಧೂಳು."

"ನಮ್ಮನೇಲಿ ಏನಿದೆ ಮತ್ತೆ, ಗಂಧವಾ? ನಡಿ."

ಹೆಟ್ಟಿ ಮಗುವಿಗೆ ಹಾಲೂಡಿಸುತ್ತ ನಕ್ಕಳು. ಅವಳು ಕೆಂಟ್ ಸೀಮೆಯ ಇಂಗ್ಲಿಷ್ ಹೆಂಗಸು. ನನ್ನ ಸುಳ್ಳು ಅವಳಿಗೆ ಗೊತ್ತಿತ್ತು. "ಹತ್ತೊಂಬತ್ತು ವರ್ಷ ಹಾಕಿದ ಗಂಟು, ನೀವೇ ಬಿಚ್ಕೊಳ್ಳಿ" ಅಂದಳು.

ನಾನು ಒಂದು ಗಂಟೆ ಮೊದಲೇ ಓಡಿ ಹೋಗಿ ನೋಕ್ಸ್‌ಗೆ ಎಲ್ಲ ಹೇಳಿದೆ. ಬೈಯುತ್ತಾನೆ, ಇಲ್ಲ ನಗುತ್ತಾನೆ ಅಂದುಕೊಂಡಿದ್ದೆ. ಅವನು ಎದ್ದು ನಿಂತು, "ಏಳ್ರೋ, ಪ್ಯಾಡಿಯ ದೊಡ್ಡಮ್ಮ ಬರ್ತಾಳಂತೆ. ಗೋಡೆ ಖಾಲಿ ಮಾಡ್ರೋ" ಎಂದು ಕೂಗಿದ. ಗೋಡೆಯ ತುಂಬ ಅಂಟಿಸಿದ್ದ ಪ್ರೂಫ್‌ಗಳನ್ನು, ನನ್ನ ಅಷ್ಟೂ ಕೋತಿಗಳನ್ನು, ಎಂಟು ಜನ ಇಂಗ್ಲಿಷರು ಹತ್ತು ನಿಮಿಷದಲ್ಲಿ ಕಿತ್ತು ಬೆಂಚಿನ ಕೆಳಗೆ ತುರುಕಿದರು. ಯಾರೋ ಹಳೆಯ ಬೈಬಲ್ ಚಿತ್ರ ಹುಡುಕಿ ತಂದು ಹಚ್ಚಿದರು. ಸ್ನೆಲ್ ಗೊಣಗಿದ, ಆದರೆ ಕೋಟು ಹಾಕಿಕೊಂಡ.

ದೊಡ್ಡಮ್ಮ ಬಂದಳು. ಸಾಲಾಗಿ ಕೂತವರ ಹಿಂದೆ ಒಂದೊಂದೇ ಹೆಜ್ಜೆ ಇಡುತ್ತ ನಡೆದಳು. ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ಮರದ ತುಂಡನ್ನು ತಿರುಗಿಸುತ್ತ ಕೊರೆಯುವುದನ್ನು ನೋಡಿದಳು. ನೋಕ್ಸ್ ಕೈಯಲ್ಲಿ ಯಾವನೋ ಮಂತ್ರಿಯ ಷರಾಯಿ ಇತ್ತು.

"ಇದು ಯಾವ ಸಂತರದು?" ಎಂದು ತನ್ನ ಇಂಗ್ಲಿಷಿನಲ್ಲಿ ಕೇಳಿದಳು.

"ಇನ್ನೂ ಸಂತ ಆಗಿಲ್ಲಮ್ಮ, ಪ್ರಯತ್ನದಲ್ಲಿದ್ದಾರೆ" ಅಂದ ನೋಕ್ಸ್.

ಸ್ನೆಲ್ ಬೆಣ್ಣೆಯನ್ನು ಬೆರಳಿನಲ್ಲೇ ತೆಗೆದು ತಿಂದು, ಇಂಥದ್ದನ್ನು ಚಿಕ್ಕಂದಿನಲ್ಲಿ ತಿಂದಿದ್ದೆ ಅಂದ. ಅಲ್ಲಿಗೆ ಎಲ್ಲ ಸುಸೂತ್ರವಾಗಿ ಮುಗಿಯಬೇಕಿತ್ತು. ಅಷ್ಟರಲ್ಲಿ ಹಾರ್ಬಿನ್ ಬಂದರು.

ಹಾರ್ಬಿನ್ ನಮ್ಮ ಪತ್ರಿಕೆಯ ಚಿತ್ರಕಾರರು. ನನ್ನ ಕೋತಿಗಳಿಗೆಲ್ಲ ತಂದೆ ಅವರೇ. ಮೃದು ಮನುಷ್ಯ, ಒಂಟಿ, ಕೋಟಿನ ಗುಂಡಿ ಯಾವಾಗಲೂ ಕಿತ್ತಿರುತ್ತಿತ್ತು. ಕೊಠಡಿಗೆ ಬಂದಾಗಲೆಲ್ಲ ನನ್ನನ್ನು ಹೆಸರು ಹಿಡಿದು ಮಾತಾಡಿಸಿ ಮಕ್ಕಳ ಯೋಗಕ್ಷೇಮ ಕೇಳುತ್ತಿದ್ದರು. ಐರ್ಲೆಂಡಿಗೆ ಒಮ್ಮೆಯೂ ಹೋದವರಲ್ಲ. ನಾಟಕದಲ್ಲಿ ನೋಡಿದ್ದರು, ಕಾದಂಬರಿಯಲ್ಲಿ ಓದಿದ್ದರು. ಅವರ ಮನೆಯಲ್ಲಿ ಒಂದು ಮೊಳೆಗೆ ತೂತು ಬಿದ್ದ ಟೋಪಿ, ದೊಣ್ಣೆ, ಹಸಿರು ಚಿಂದಿ ಕೋಟು ನೇತುಹಾಕಿದ್ದರು. ಐರ್ಲೆಂಡಿನವನು ಬೇಕಾದಾಗ ಲ್ಯಾಂಬೆತ್ತಿನ ಒಬ್ಬ ಗಾಡಿಯವನಿಗೆ ಅದನ್ನು ತೊಡಿಸಿ ನಿಲ್ಲಿಸುತ್ತಿದ್ದರು.

ಅವರು ದೊಡ್ಡಮ್ಮನನ್ನು ನೋಡಿದವರೇ ಟೋಪಿ ತೆಗೆದು ಹಾಗೇ ನಿಂತರು.

"ಲವೆಲ್, ಇವರು ಯಾರು? ಎಂಥ ಮುಖ ಇದು. ಈ ವಾರ ನನಗೆ ಒಬ್ಬ ಅಜ್ಜಿ ಬೇಕು. ಎರಡು ಬೆಳಿಗ್ಗೆ ಕೂರೋಕಾಗುತ್ತಾ ಕೇಳು."

ಬೇಡ ಅನ್ನಬೇಕಿತ್ತು. ಅಷ್ಟರಲ್ಲಿ ದೊಡ್ಡಮ್ಮನಿಗೆ ಅರ್ಥವಾಗಿಬಿಟ್ಟಿತ್ತು.

"ಯಾವ ಸಂತಳು ಅಂತ ಕೇಳು."

"ಸಂತ ಆನಮ್ಮ, ಮರಿಯಮ್ಮನ ತಾಯಿ" ಅಂದೆ ನಾನು.

"ಏನು ಮಾಡ್ತಿರ್ತಾಳೆ?"

ಹಾರ್ಬಿನ್‌ರನ್ನು ಕೇಳಿದೆ. "ಔಷಧಿ ಕುಡೀತಾ ಇರ್ತಾರೆ" ಅಂದರು ಅವರು, ಪಾಪ, ನಿಜವನ್ನೇ.

ದೊಡ್ಡಮ್ಮ ಯೋಚಿಸಿದಳು. "ಪಾಪ, ಆಕೆಗೂ ವಯಸ್ಸಾಗಿತ್ತಲ್ಲ" ಅಂದಳು.

ನಿಜವಾದ ಚಿತ್ರ ಇದು. ಐರ್ಲೆಂಡಿನ ಒಕ್ಕಲುಗಳಿಗಾಗಿ ಹೊಸ ಭೂಮಿ ಕಾನೂನು ಬರುತ್ತಿದ್ದ ಕಾಲ. ಇಂಗ್ಲೆಂಡು ಎಂಬ ದಪ್ಪ ಡಾಕ್ಟರು ಆ ಕಾನೂನನ್ನು ಚಮಚದಲ್ಲಿ ಹಿಡಿದಿದ್ದಾನೆ. ಐರ್ಲೆಂಡು ಎಂಬ ಕೋತಿ ಮೂತಿಯ ಮುದುಕಿ ಮುಖ ಸಿಂಡರಿಸಿ ಉಗುಳುತ್ತಿದ್ದಾಳೆ. ಕೆಳಗೆ, ಕೃತಜ್ಞತೆಯಿಲ್ಲದ ರೋಗಿ ಎಂದು ಬರಹ.

ಶುಕ್ರವಾರ ಬೆಳಿಗ್ಗೆ ದೊಡ್ಡಮ್ಮನನ್ನು ಹಾರ್ಬಿನ್‌ರ ಮನೆಗೆ ಕರೆದುಕೊಂಡು ಹೋದೆ. ಕುರ್ಚಿಯಲ್ಲಿ ಕೂರಿಸಿ ಎದುರಿಗೆ ಒಂದು ಚಮಚ ಕಟ್ಟಿ ನಿಲ್ಲಿಸಿದ್ದರು. ಅವಳು ಕೂರುವ ಮೊದಲೇ ಅವರ ಕೋಟು ಬಿಚ್ಚಿಸಿ ಗುಂಡಿ ಹಾಕಲು ಶುರುಮಾಡಿದಳು.

"ಇವನಿಗೆ ತಾಯಿ ಇಲ್ವಾ?" ಎಂದು ನನ್ನನ್ನು ಕೇಳಿದಳು.

"ಹೋಗಿ ಮೂವತ್ತು ವರ್ಷ ಆಯ್ತಂತೆ."

"ಗೊತ್ತಾಗುತ್ತೆ." ದಾರವನ್ನು ಹಲ್ಲಿನಲ್ಲಿ ಕಡಿದಳು. "ನಾನು ಊರಲ್ಲಿ ನೋಡಿದ ಇಂಗ್ಲೆಂಡಿನವನು ನಮ್ಮ ಜಮೀನ್ದಾರನ ಏಜೆಂಟು ಒಬ್ಬನೇ. ಕೆಂಪು ಕುತ್ತಿಗೆ, ಮೀನಿನ ಕಣ್ಣು. ಎಲ್ಲರೂ ಹಂಗೇ ಇರ್ತಾರೆ ಅಂದ್ಕೊಂಡಿದ್ದೆ. ಇವನು ನಮ್ಮ ಕಾನ್ವೆ ಫಾದರ್ ಥರ ಇದಾನಲ್ಲೋ."

ಇದನ್ನು ಹಾರ್ಬಿನ್‌ಗೆ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು.

ಕೆಲಸ ಶುರುವಾಯಿತು. "ಬಾಯಿ ಹತ್ರ ಚಮಚ ಬಂದಿದೆ, ಕಹಿ ಇದೆ, ಬೇಡ ಅನ್ನೋ ಹಾಗೆ ಮುಖ ಮಾಡೋಕೆ ಹೇಳು" ಅಂದರು. ಹೇಳಿದೆ. ದೊಡ್ಡಮ್ಮ ಚಮಚವನ್ನು ನೋಡಿದಳು. ಕಣ್ಣು ಮುಚ್ಚಿದಳು, ಬಾಯಿ ತೆರೆದಳು, ಎಡಗೈಯನ್ನು ಬೊಗಸೆ ಮಾಡಿ ಗದ್ದದ ಕೆಳಗೆ ಹಿಡಿದಳು. ಒಂದು ಹನಿಯೂ ನೆಲಕ್ಕೆ ಬೀಳಬಾರದು, ಹಾಗೆ.

"ಹಾಗಲ್ಲ ಅಂತ ಹೇಳು. ಅಸಹ್ಯ ಆಗಬೇಕು."

ಮತ್ತೆ ಹೇಳಿದೆ. ಮತ್ತೆ ಕಣ್ಣು ಮುಚ್ಚಿ, ಬಾಯಿ ತೆರೆದು, ಕೈ ಹಿಡಿದಳು. ಮೂರನೇ ಸಲವೂ ಅದೇ. ಆಮೇಲೆ ಕಣ್ಣು ಬಿಟ್ಟು ನನ್ನನ್ನು ನೋಡಿದಳು.

"ನನಗೆ ಬರಲ್ಲ ಮಗಾ. ಬಾಯಿಗೆ ಬಂದ ಚಮಚಕ್ಕೆ ಮುಖ ತಿರುಗಿಸೋದು ನನಗೆ ಬರಲ್ಲ ಅಂತ ಹೇಳು. ಕೈ ತಾನಾಗೇ ಹಿಂಗೆ ಹೋಗುತ್ತೆ. ನಿನಗೆ ಗೊತ್ತಲ್ಲ."

ನನಗೆ ಗೊತ್ತು. ಗಂಜಿಯ ಸಾಲಿನಲ್ಲಿ ಅವಳ ಬೊಗಸೆಗೆ ಬಿದ್ದ ಹನಿಗಳನ್ನು ನೆಕ್ಕಿದವನು ನಾನು. ಹಾರ್ಬಿನ್‌ಗೆ ಆ ವರ್ಷದ ವಿಷಯ ನಾಲ್ಕು ಮಾತಿನಲ್ಲಿ ಹೇಳಿದೆ.

"ಅದರ ಬಗ್ಗೆ ಓದಿದ್ದೆ" ಅಂದರು ಅವರು ಮೆಲ್ಲಗೆ. "ಒಂದು ಕಾದಂಬರಿಯಲ್ಲಿ. ಅದರಲ್ಲಿ ಅವರು ಹಾಡ್ತಾ ಇದ್ರು."

ಮೊಳೆಯ ಮೇಲಿದ್ದ ಟೋಪಿಯನ್ನು ತರಲು ಎದ್ದವರು ತರದೆ ಬಂದು ಕೂತರು. ಎರಡು ಬೆಳಿಗ್ಗೆ ಕಣ್ಣೆತ್ತಿ ನೋಡುವುದು, ಮರದ ಮೇಲೆ ಬರೆಯುವುದು, ಮತ್ತೆ ನೋಡುವುದು. ಶನಿವಾರ ಮಧ್ಯಾಹ್ನ ಹಲಗೆ ನಮ್ಮ ಕೊಠಡಿಗೆ ಬಂತು. ಸ್ನೆಲ್ ಬೋಲ್ಟು ಬಿಚ್ಚಿ, ನಡುವಿನ ತುಂಡನ್ನು ನನ್ನ ಮುಂದೆ ಇಟ್ಟು ಹೋದ. ಮರದ ಮೇಲೆ ದೊಡ್ಡಮ್ಮ ಇದ್ದಳು. ಅಚ್ಚಿನಲ್ಲಿ ಸರಿಯಾಗಿ ಬರಲೆಂದು ಚಿತ್ರವನ್ನು ಎಡಬಲ ಮಾಡಿ ಬರೆದಿರುತ್ತಾರಲ್ಲ, ಹಾಗಾಗಿ ಅವಳ ಬಲ ಹುಬ್ಬಿನ ಮೇಲಿನ ಹಳೆಯ ಗಾಯದ ಗುರುತು ಎಡಕ್ಕೆ ಬಂದಿತ್ತು. ಅದೊಂದು ಬಿಟ್ಟರೆ ಅವಳೇ.

ಒಂದೂವರೆ ದಿನ ಕೊರೆದೆ. ಭಾನುವಾರ ಪೂಜೆಗೂ ಹೋಗಲಿಲ್ಲ. ಸುಕ್ಕು ಒಂದೊಂದನ್ನೂ ಕೂದಲೆಳೆಯಷ್ಟು ತೆಳ್ಳಗೆ ಉಳಿಸಿದೆ. ಅಷ್ಟು ಒಳ್ಳೆಯ ಕೆಲಸವನ್ನು ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಸೋಮವಾರ ಬೆಳಿಗ್ಗೆ ತುಂಡುಗಳನ್ನು ಬಿಗಿದು, ಮಸಿ ಹಚ್ಚಿ, ಪ್ರೂಫ್ ತೆಗೆದು ಸಂಪಾದಕರಿಗೆ ಕಳಿಸಿದರು. ನೋಕ್ಸ್ ನನಗಾಗಿ ತೆಳ್ಳನೆಯ ಕಾಗದದಲ್ಲಿ ಇನ್ನೊಂದನ್ನು ತೆಗೆದು ಕೈಗೆ ಕೊಟ್ಟು, "ಇದನ್ನ ಚೌಕಟ್ಟು ಹಾಕಿಸು" ಅಂದ.

ಹನ್ನೊಂದು ಗಂಟೆಗೆ ಹಲಗೆ ವಾಪಸು ಬಂತು. ಹಿಂದೆಯೇ ಹಾರ್ಬಿನ್ ಬಂದರು. ನನ್ನ ಮುಖ ನೋಡದೆ ಸ್ನೆಲ್ ಹತ್ತಿರ ಮಾತಾಡಿದರು. ಸಂಪಾದಕರು ಹೇಳಿದ್ದು ಇಷ್ಟೇ: ಇದು ನಗು ಬರಿಸುವುದಿಲ್ಲ. ಇವಳು ಐರ್ಲೆಂಡು ಎಂದು ಓದುಗನಿಗೆ ಹೇಗೆ ಗೊತ್ತಾಗಬೇಕು? ಎಂದಿನ ಮುಖ ಹಾಕಿ. ಸಂಜೆ ಅಚ್ಚು.

ಕೊರೆದಾದ ಮರದಲ್ಲಿ ತಪ್ಪು ತಿದ್ದುವುದಕ್ಕೆ ಒಂದೇ ದಾರಿ. ಬೈರಿಗೆಯಿಂದ ಆ ಜಾಗವನ್ನು ತೂತು ಮಾಡಿ ತೆಗೆದು, ಅದೇ ಅಳತೆಯ ಹೊಸ ಮರದ ಬಿರಡೆ ಬಡಿದು, ಅದರ ಮೇಲೆ ಬೇರೆ ಚಿತ್ರ ಬರೆದು ಕೊರೆಯುವುದು. ಸ್ನೆಲ್ ಬೈರಿಗೆ ತಂದು ನನ್ನ ಬೆಂಚಿನ ಮೇಲೆ ಇಟ್ಟ.

ನಾನು ಎದ್ದೆ. ಹಾರ್ಬಿನ್‌ರ ಎದೆಗೆ ಎದೆ ತಾಗುವಷ್ಟು ಹತ್ತಿರ ಹೋದೆ.

"ನೀವು ನೋಡಿ ಬರೆದದ್ದು ಸಾರ್. ಸುಳ್ಳು ಅಂತ ಹೇಳಿ ನೋಡೋಣ."

"ಸುಳ್ಳಲ್ಲ ಲವೆಲ್. ಅದೇ ಕಷ್ಟ. ನಾನು ಹೇಳಿದೆ, ಅವರು ಕೇಳಲಿಲ್ಲ. ನನಗೆ ಅರವತ್ತೆಂಟು ವರ್ಷ."

"ನನ್ನ ದೊಡ್ಡಮ್ಮನಿಗೂ ಅಷ್ಟೇ."

ನೋಕ್ಸ್ ಹಿಂದಿನಿಂದ ಬಂದು ನನ್ನ ತೋಳು ಹಿಡಿದ. "ಪ್ಯಾಡಿ, ನೀನು ಹೊರಗೆ ಹೋಗು. ಒಂದು ಪೈಪು ಸೇದಿ ಬಾ. ನಾನು ಮಾಡ್ತೀನಿ, ನೀನು ನೋಡೋದೇ ಬೇಡ."

ಅವನು ಒಳ್ಳೆಯದಕ್ಕೇ ಹೇಳಿದ್ದು. ಆದರೆ ಅವಳ ಮುಖಕ್ಕೆ ಇನ್ನೊಬ್ಬ ಬೈರಿಗೆ ಹಾಕುವುದನ್ನು ನೆನೆದರೆ ಮೈ ಉರಿಯಿತು. ಆರು ಮಕ್ಕಳಿರುವ ನಾನು ಕೆಲಸ ಬಿಟ್ಟು ಹೋಗಲೂ ಇಲ್ಲ. ಕೂತೆ. ಹಣೆಯ ಮೇಲೆ ಬೈರಿಗೆ ಊರಿ ತಿರುಗಿಸಿದೆ. ಹಳದಿ ಪುಡಿ ಎದ್ದಿತು. ಬಿರಡೆ ಬಡಿದೆ. ಹಾರ್ಬಿನ್ ಐದು ನಿಮಿಷದಲ್ಲಿ ಕೋತಿಯನ್ನು ಬರೆದರು, ಕೈಗೆ ಅಷ್ಟು ರೂಢಿ. ನಾನು ಒಂದು ಗಂಟೆಯಲ್ಲಿ ಕೊರೆದೆ, ನನಗೂ ಅಷ್ಟೇ ರೂಢಿ.

ಪ್ರೂಫ್ ತೆಗೆದಾಗ ಇನ್ನೊಂದು ವಿಷಯ ಕಾಣಿಸಿತು. ಬದಲಾದದ್ದು ಮುಖ ಮಾತ್ರ. ಶಾಲು ಅವಳದೇ. ಗದ್ದದ ಕೆಳಗೆ ಹಿಡಿದ ಬೊಗಸೆ ಅವಳದೇ, ಸೊಟ್ಟಗಾದ ಕಿರುಬೆರಳಿನ ಸಮೇತ. ಬುಧವಾರ ಇದು ಲಂಡನ್ನಿನ ಪ್ರತಿ ಅಂಗಡಿಯ ಕಿಟಕಿಯಲ್ಲಿ ನೇತಾಡುತ್ತದೆ. ಅವಳು ನಮ್ಮ ಮನೆಯಲ್ಲಿ ಭಾನುವಾರದ ದೀಕ್ಷಾಸ್ನಾನದ ತನಕ ಇರುತ್ತಾಳೆ, ದಿನಾ ಬೀದಿಗೆ ಹೋಗುತ್ತಾಳೆ. ಅವಳೇ ನೋಡುವ ಮೊದಲು ನಾನು ಹೇಳಬೇಕು. ಹೇಳಿದರೆ, ನನ್ನ ಮಗುವನ್ನು ಅವಳು ಎತ್ತಿಕೊಂಡು ನಿಲ್ಲುತ್ತಾಳೋ ಇಲ್ಲವೋ. ನನ್ನ ಮುಖ ನೋಡುತ್ತಾಳೋ ಇಲ್ಲವೋ.

ಸಂಜೆ ಮನೆಗೆ ಹೋದಾಗ ಅವಳು ಬಾಗಿಲ ಹತ್ತಿರ ಕೂತು ಆಲೂಗಡ್ಡೆ ಸುಲಿಯುತ್ತಿದ್ದಳು. ಎರಡೂ ಪ್ರೂಫ್‌ಗಳನ್ನು ಅವಳ ಮಡಿಲಲ್ಲಿ ಇಟ್ಟೆ. ನಿಂತುಕೊಂಡೇ ಎಲ್ಲ ಹೇಳಿದೆ. ಮೂರು ಸಂತರು, ಹನ್ನೊಂದು ವರ್ಷ, ಬೈರಿಗೆ. ಸಿಟ್ಟಿನಲ್ಲೇ ಹೇಳಿದೆ, ತಪ್ಪು ಅವಳದೇ ಅನ್ನುವ ಹಾಗೆ.

ಅವಳು ಎರಡನ್ನೂ ಪಕ್ಕ ಪಕ್ಕ ಹಿಡಿದು ಬೆಳಕಿಗೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು.

"ಇದನ್ನೂ ನೀನೇ ಕೊರೆದಿದ್ದಾ?" ಕೋತಿಯ ಮೇಲೆ ಬೆರಳಿಟ್ಟು ಕೇಳಿದಳು.

"ಹೂಂ."

"ಚೆನ್ನಾಗಿ ಕೊರೆದಿದೀಯ." ಬೆರಳು ಹಾಗೇ ಇತ್ತು. "ನಿನ್ನ ಕೈ ಚೆನ್ನಾಗಿರಲಿ ಅಂತ ಪ್ರತಿ ವರ್ಷ ಪೂಜೆ ಮಾಡಿಸ್ತಿದ್ದೆ ಕಣೋ. ಊರೆಲ್ಲ ಬರ್ತಿತ್ತು."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವಳು ಬೈಯಲಿಲ್ಲ. ಉಳಿದ ಆಲೂಗಡ್ಡೆ ಸುಲಿದಳು. ಊಟ ಬಡಿಸಿದಳು. ಆ ದಿನವೂ ಮಂಗಳವಾರವೂ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಮಕ್ಕಳ ಹತ್ತಿರ ಆಡಿದಳು, ಅವಳ ಭಾಷೆ ಬರದ ಹೆಟ್ಟಿಯ ಹತ್ತಿರವೂ ಆಡಿದಳು.

ಬುಧವಾರ ಪತ್ರಿಕೆ ಬಂತು. ದೊಡ್ಡಮ್ಮ ಒಂದನ್ನು ತರಿಸಿಕೊಂಡು ಶಾಲು ಹೊದ್ದಳು. "ಗುಂಡಿ ಹಾಕಿಸ್ಕೊಂಡನಲ್ಲ, ಅವನ ಮನೆಗೆ ನಡಿ" ಅಂದಳು. ಎರಡು ದಿನದಲ್ಲಿ ನನಗೆ ಆಡಿದ ಮೊದಲ ಮಾತು ಅದು.

ಹಾರ್ಬಿನ್ ಬಾಗಿಲು ತೆಗೆದು ಅವಳನ್ನು ಕಂಡು ಬಿಳಿಚಿಕೊಂಡರು. ಕೂರಿ ಎಂದರೂ ಅವಳು ಕೂರಲಿಲ್ಲ. ಪುಟ ಬಿಡಿಸಿ ಮೇಜಿನ ಮೇಲೆ ಇಟ್ಟಳು.

"ನಾನು ಹೇಳಿದ್ದನ್ನ ಹೇಳಿದ ಹಾಗೇ ಹೇಳು" ಎಂದು ನನಗೆ ಅಪ್ಪಣೆ ಮಾಡಿದಳು. "ಇದನ್ನ ಹಾಕು ಅಂದನಲ್ಲ, ಆ ದೊಡ್ಡ ಮನುಷ್ಯ, ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ನನ್ನನ್ನ ನೋಡಿಲ್ಲ. ನೀನು ನೋಡಿದೆ. ಎರಡು ದಿನ ಎದುರಿಗೆ ಕೂತು ನೋಡಿದೆ. ಇವನು ನನ್ನ ಮಡಿಲಲ್ಲಿ ಬೆಳೆದವನು, ಇವನೂ ನೋಡಿದ್ದಾನೆ. ನೋಡಿದವರ ಮೇಲೆ ನನಗೆ ಸಿಟ್ಟು."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಪಾಲು ಬಂದಾಗ ಅಲ್ಲಿಗೇ ನಿಲ್ಲಿಸಿದೆ.

"ಅದನ್ನೂ ಹೇಳು, ನುಂಗಬೇಡ" ಅಂದಳು.

ಅದನ್ನೂ ಹೇಳಿದೆ.

ಹಾರ್ಬಿನ್ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. "ಅಮ್ಮಾ, ನಾನು ಮುಖ ನೋಡಿ ಯಾವತ್ತೂ ಬರೆದಿರಲಿಲ್ಲ. ನನಗಿಂತ ಮುಂಚಿನವರು ಬರೆದದ್ದನ್ನ ನೋಡಿ ಬರೆದೆ. ಅವರು ಅವರಿಗಿಂತ ಮುಂಚಿನವರದ್ದನ್ನ ನೋಡಿರಬೇಕು. ಹೀಗೆ ಯಾರೂ ನೋಡದೆ ನಡ್ಕೊಂಡು ಬಂತು."

"ಈಗ ನೋಡಿದ್ಯಲ್ಲ."

"ನೋಡಿದೆ."

"ಹಂಗಾದ್ರೆ ಭಾನುವಾರ ಇಗರ್ಜಿಗೆ ಬಾ. ಇನ್ನೂ ನಲವತ್ತು ಜನ ಇರ್ತಾರೆ. ಕೋಟು ಒಗೆಸ್ಕೊಂಡು ಬಾ."

ಭಾನುವಾರ ಸದರ್ಕ್‌ನ ನಮ್ಮ ಇಗರ್ಜಿಗೆ ಹಾರ್ಬಿನ್ ಬಂದರು. ಜೊತೆಗೆ ನೋಕ್ಸ್ ಮತ್ತು ಅವನ ಹೆಂಡತಿ. ಪಾದ್ರಿ ಜ್ಞಾನತಾಯಿ ಯಾರೆಂದು ಕೇಳಿದಾಗ ನಾನು ನೆಲ ನೋಡಿದೆ. ದೊಡ್ಡಮ್ಮ ನನ್ನ ಕಾಲು ತುಳಿದುಕೊಂಡೇ ಮುಂದೆ ಹೋಗಿ ಮಗುವನ್ನು ಎತ್ತಿಕೊಂಡಳು. ಬೇಕೆಂದೇ ತುಳಿದದ್ದು.

ಆಮೇಲೆ ಮನೆಯಲ್ಲಿ ಹಂದಿಮಾಂಸ, ಆಲೂಗಡ್ಡೆ, ಕರಿ ಬಿಯರು. ಹಡಗುಕಟ್ಟೆಯ ಕೂಲಿಗಳು, ಇಟ್ಟಿಗೆ ಹೊರುವವರು, ಹಾಲು ಮಾರುವ ಹೆಂಗಸರು ಎಲ್ಲ ತುಂಬಿದ್ದರು. ಹಾರ್ಬಿನ್ ಮೂಲೆಯಲ್ಲಿ ತಟ್ಟೆ ಹಿಡಿದು ಕೂತು ಒಂದೊಂದೇ ಮುಖ ನೋಡುತ್ತಿದ್ದರು. ಒಬ್ಬ ಇಟ್ಟಿಗೆಯವನು ನನ್ನನ್ನು ಪಕ್ಕಕ್ಕೆ ಕರೆದು, "ಯಾರೋ ಆ ಮುದುಕ, ನನ್ನನ್ನೇ ದಿಟ್ಟಿಸ್ತಾನೆ? ಪೊಲೀಸರವನಾ?" ಅಂದ.

"ಅಲ್ಲ, ಪಾಠ ಕಲೀತಿದ್ದಾನೆ" ಅಂದೆ.

ಸೋಮವಾರ ಬೆಳಿಗ್ಗೆ ಯೂಸ್ಟನ್ನಿನಲ್ಲಿ ರೈಲು ಹೊರಡಲು ಇನ್ನೂ ಹೊತ್ತಿತ್ತು. ದೊಡ್ಡಮ್ಮನ ಗಂಟಿನಲ್ಲಿ ಎರಡೂ ಚಿತ್ರ ಇದ್ದವು, ಒಳ್ಳೆಯದು ಮತ್ತು ಅಚ್ಚಾದದ್ದು.

"ಅದನ್ನ ಯಾಕೆ ಒಯ್ತೀಯ ದೊಡ್ಡಮ್ಮ? ಒಳ್ಳೇದು ಒಂದು ಸಾಕಲ್ಲ."

"ಎರಡನ್ನೂ ಫಾದರ್ ಕೈಲಿ ತೋರಿಸ್ತೀನಿ. ನಿನ್ನ ಸುಳ್ಳನ್ನ ಊರೆಲ್ಲ ಕೇಳಿದೆ, ನಿಜಾನೂ ಕೇಳಲಿ. ನಮ್ಮ ಹುಡುಗ ಇಂಥದ್ದು ಮಾಡ್ತಿದ್ದ, ಈಗ ಬಿಟ್ಟಿದ್ದಾನೆ ಅಂತ ಹೇಳ್ತೀನಿ." ನಿಲ್ಲಿಸಿ ನನ್ನನ್ನು ನೋಡಿದಳು. "ಬಿಟ್ಟಿದೀಯ ತಾನೇ? ನಾನು ನಿನ್ನ ಹಂಗೆ ಸುಳ್ಳು ಹೇಳೋಳಲ್ಲ."

ನಾನು ಯಾರಿಗೂ ಏನೂ ಹೇಳಿರಲಿಲ್ಲ. ಒಂದು ವಾರದಿಂದ ಯೋಚಿಸುತ್ತಿದ್ದೆ, ಅಷ್ಟೇ.

"ಬಿಟ್ಟಿದೀನಿ" ಅಂದೆ.

ಅವಳು ನನ್ನ ಕೆನ್ನೆಗೆ ಒಂದು ಏಟು ಕೊಟ್ಟಳು, ಹಗುರವಾಗಿಯೇನಲ್ಲ. ಅದೇ ಕೆನ್ನೆಗೆ ಮುತ್ತು ಕೊಟ್ಟು ರೈಲು ಹತ್ತಿದಳು.

ಕೊಠಡಿಗೆ ಹೋದಾಗ ಹತ್ತು ಗಂಟೆ. ಸ್ನೆಲ್ ಆ ವಾರದ ಹಲಗೆಯ ಬೋಲ್ಟು ಬಿಚ್ಚುತ್ತಿದ್ದ. ಚಿತ್ರ ಹಾರ್ಬಿನ್‌ರದ್ದಲ್ಲ. ಅವರು ಇನ್ನು ಮೇಲೆ ಐರ್ಲೆಂಡಿನವರನ್ನು ಬರೆಯುವುದಿಲ್ಲ ಎಂದು ಹೇಳಿ ಕಳಿಸಿದ್ದರಂತೆ. ಯಾರೋ ಹೊಸಬ ಬರೆದಿದ್ದ. ನಡುವಿನಲ್ಲಿ ಅದೇ ಮೂತಿ, ಕೈಯಲ್ಲಿ ಕೋವಿ. ಸ್ನೆಲ್ ಆ ತುಂಡನ್ನು ನನ್ನ ಕಡೆ ಚಾಚಿದ.

"ಇದು ಬೇಡ ಯಜಮಾನ್ರೇ. ಇನ್ನು ಯಾವತ್ತೂ ಬೇಡ."

"ಮುಖ ಕೊರೆಯೋನಿಗೆ ಸಿಗೋ ಕೂಲಿ ಬೂಟು ಕೊರೆಯೋನಿಗೆ ಸಿಗಲ್ಲ, ಗೊತ್ತಲ್ಲ."

"ಗೊತ್ತು."

"ಸಿಟ್ಟಿನಲ್ಲಿ ಹೇಳ್ತಿದೀಯ."

"ಹೌದು."

"ನಾಳೆ ಸಿಟ್ಟು ಇಳಿದ ಮೇಲೆ ಮತ್ತೆ ಬಂದು ಕೇಳಬೇಡ."

"ನಮ್ಮ ಜನರ ಸಿಟ್ಟು ಇಳಿಯಲ್ಲ ಯಜಮಾನ್ರೇ. ಮೂವತ್ತು ವರ್ಷದಿಂದ ನಿಮ್ಮ ಪತ್ರಿಕೆಯವರೇ ಹೇಳ್ತಿದಾರಲ್ಲ."

ಸಾಲಿನಲ್ಲಿ ಯಾರೋ ನಗು ತಡೆಯಲು ಕೆಮ್ಮಿದರು. ಸ್ನೆಲ್ ಆ ತುಂಡನ್ನು ಕೈಯಲ್ಲಿ ಒಮ್ಮೆ ತಿರುಗಿಸಿದ. ಆಮೇಲೆ ಸಾಲಿನ ಕೊನೆಯವನ ಮುಂದೆ ಅದನ್ನು ಇಟ್ಟು ಬಂದು, ಬಲ ಮೂಲೆಯ ತುಂಡನ್ನು ನನ್ನ ದಿಂಬಿನ ಮೇಲೆ ಇಟ್ಟ. ಕುದುರೆಯ ಹಿಂಭಾಗ. ಎರಡು ಕಾಲು, ಬಾಲ, ಸ್ವಲ್ಪ ಲದ್ದಿ.

"ನಾಲ್ಕು ಗಂಟೆಗೆ ಬೇಕು" ಅಂದ.

ನಾನು ಉಳಿಯನ್ನು ಕಲ್ಲಿಗೆ ಎರಡು ಸಲ ಉಜ್ಜಿ ಬಾಲದಿಂದ ಶುರುಮಾಡಿದೆ.